ಬೀಗ ಒಪ್ಪದ ದನಿ

ಹುಲಿಗೆಮ್ಮನ ದನಿಯನ್ನು ಯಂತ್ರ ಮೊದಲ ಸಲ ಒಪ್ಪದೇ ಹೋದದ್ದು ಒಂದು ಮಂಗಳವಾರ, ಮಧ್ಯಾಹ್ನ ಎರಡೂ ಹತ್ತಕ್ಕೆ. ಆಗ ಕೇಜಿನಲ್ಲಿ ಇಪ್ಪತ್ತನಾಲ್ಕು ಜನರಿದ್ದರು.

ಕೆಂಪುಗುಡ್ಡದ ಚಿನ್ನದ ಗಣಿಯಲ್ಲಿ ಕೆಲಸಗಾರರನ್ನು ಭೂಮಿಯೊಳಕ್ಕೆ ಇಳಿಸಿ ಏರಿಸುವ ಕಬ್ಬಿಣದ ಗೂಡಿಗೆ ಕೇಜು ಎನ್ನುತ್ತಾರೆ. ಒಂಬೈನೂರು ಮೀಟರ್ ಆಳದ ಬಾವಿಯಲ್ಲಿ ಅದು ಒಂದು ಉಕ್ಕಿನ ಹಗ್ಗಕ್ಕೆ ನೇತುಬಿದ್ದು ಓಡಾಡುತ್ತದೆ. ಹಿಂದೆ ಅದನ್ನು ಗುಂಡಿ ಒತ್ತಿ ನಡೆಸುತ್ತಿದ್ದರು. ಆರು ವರ್ಷದ ಹಿಂದೆ ಒಂದು ದಿನ ಲೈಸೆನ್ಸ್ ಇಲ್ಲದವನೊಬ್ಬ ಆ ಗುಂಡಿ ಒತ್ತಿದ. ಮೂವರು ಹೆಣವಾಗಿ ಮೇಲೆ ಬಂದರು. ಅದಾದ ಮೇಲೆ ಗುಂಡಿಗಳನ್ನೆಲ್ಲ ಕಿತ್ತುಹಾಕಿ ಧ್ವನಿಬೀಗ ಕೂಡಿಸಿದರು. ಲೈಸೆನ್ಸ್ ಇದ್ದವರು ಮೈಕಿನ ಮುಂದೆ ಕೂತು ಬಾಯಲ್ಲಿ ಹೇಳಬೇಕು. ಹೇಳಿದವರು ಅವರೇ ಎಂದು ಬೀಗಕ್ಕೆ ಖಾತ್ರಿಯಾದರೆ ಮಾತ್ರ ಕೇಜು ಅಲುಗುತ್ತದೆ.

ಬೀಗ ದನಿಯ ಏರಿಳಿತವನ್ನು ನೋಡುವುದಿಲ್ಲ. ಅದನ್ನು ಯಾರು ಬೇಕಾದರೂ ಅನುಕರಿಸಬಹುದು. ಆದರೆ ಗಂಟಲಿನಿಂದ ತುಟಿಯವರೆಗೆ ಒಳಗಿರುವ ಪೊಳ್ಳು ಒಬ್ಬೊಬ್ಬರದು ಒಂದೊಂದು ಆಕಾರ. ದನಿ ಅದರಲ್ಲಿ ಗುಂಯ್‌ಗುಟ್ಟಿ ಹೊರಬರುವಾಗ ಆ ಆಕಾರದ ಗುರುತನ್ನು ಹೊತ್ತು ತರುತ್ತದೆ. ಬೀಗ ಓದುವುದು ಆ ಗುರುತನ್ನು. ನೂರಕ್ಕೆ ತೊಂಬತ್ತು ಹೊಂದಿದರೆ ಸಾಕು. ನೆಗಡಿಯಾದಾಗ ಅಂಕ ಇಳಿಯುತ್ತದೆ, ವಾರ ಕಳೆದರೆ ಮತ್ತೆ ಏರುತ್ತದೆ. ಹನ್ನೊಂದು ವರ್ಷದಿಂದ ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದ ಹುಲಿಗೆಮ್ಮನಿಗೆ ಇದೆಲ್ಲ ಗೊತ್ತಿತ್ತು. ಅವಳದು ಕಂಚಿನಂಥ ದನಿ. ಅವಳಿಗೀಗ ನಲವತ್ತಮೂರು. ಇಲ್ಲಿಯವರೆಗೆ ಅವಳ ಅಂಕ ಒಮ್ಮೆಯೂ ತೊಂಬತ್ತೈದಕ್ಕಿಂತ ಕೆಳಗಿಳಿದಿರಲಿಲ್ಲ. ಈಚೆಗೆ ಮಾತ್ರ ತೊಂಬತ್ತೊಂದು, ತೊಂಬತ್ತೆರಡು ಬರುತ್ತಿತ್ತು. ಧೂಳಿಗೆ ಗಂಟಲು ಕಟ್ಟಿದೆ ಎಂದುಕೊಂಡಿದ್ದಳು.

ಆ ದಿನ ಮೊದಲ ಪಾಳಿಯವರು ಕೆಲಸ ಮುಗಿಸಿ ಮೇಲೆ ಬರುತ್ತಿದ್ದರು. ನಡುಬಾವಿಯಲ್ಲಿ ಹಗ್ಗದ ತಪಾಸಣೆಗೆಂದು ಕೇಜು ತಾನಾಗಿ ನಿಲ್ಲುತ್ತದೆ. ನಿಂತಿತು. ಹುಲಿಗೆಮ್ಮ ಎಂದಿನಂತೆ ಹೇಳಿದಳು: “ಮೇಲೆ. ನಿಧಾನ.”

ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಧ್ವನಿ ಹೊಂದುತ್ತಿಲ್ಲ. ಎಂಬತ್ತೊಂಬತ್ತು.

ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. ಎಂಬತ್ತೆಂಟು. ಒಂದು ಗುಟುಕು ನೀರು ಕುಡಿದು ಎದೆಯಿಂದ ದನಿ ಎತ್ತಿ ಹೇಳಿದಳು. ಎಂಬತ್ತೇಳು. ಮೂರು ಸಲ ತಪ್ಪಿದರೆ ಬೀಗ ಪೂರ್ತಿ ಮುಚ್ಚಿಕೊಳ್ಳುತ್ತದೆ. ಲೈಸೆನ್ಸ್ ಇರುವ ಇನ್ನೊಬ್ಬರು ಬಂದು ಬಿಡಿಸಬೇಕು. ಅವರು ಗಣಿಯ ಆಚೆ ತುದಿಯಲ್ಲಿದ್ದರು.

ಕೇಜಿನ ಫೋನಿನಲ್ಲಿ ದುರುಗಪ್ಪನ ದನಿ ಬಂತು. ಅವನು ಬಾವಿಯ ತಳದಲ್ಲಿ ನಿಂತು ಜನರನ್ನು ಎಣಿಸಿ ಹತ್ತಿಸುವವನು. ತಳದಿಂದ ‘ತಯಾರು’ ಎಂದು ಬೀಗಕ್ಕೆ ಹೇಳುವವನೂ ಅವನೇ. ಪಾಳಿ ಮುಗಿಸಿ ತಾನೂ ಅದೇ ಕೇಜಿನಲ್ಲಿ ಬರುತ್ತಿದ್ದ.

“ಯಾಕಕ್ಕಾ, ನಿಂತೇಬಿಡ್ತಲ್ಲ?”

“ಬೀಗ ಹಿಡಕೊಂಡೈತಿ ದುರುಗಪ್ಪ. ಹತ್ತು ನಿಮಿಷ. ಯಾರೂ ಅಳ್ಳಾಡಬ್ಯಾಡ್ರಿ.”

“ಇಲ್ಲೊಬ್ಬಂವ ಹೊಸಬ ಅದಾನ. ನಡಗಾಕತ್ತಾನ.”

“ಕೈ ಹಿಡ್ಕೋ ಅವನ್ದು.”

ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳು ಫೋನಿನಲ್ಲಿ ಮಾತಾಡುತ್ತಲೇ ಇದ್ದಳು, ಮಾತಾಡಿದಷ್ಟೂ ಗಂಟಲಲ್ಲಿ ಏನೋ ಅಡ್ಡ ನಿಂತಂತೆ ಆಗುತ್ತಿತ್ತು. ಕೊನೆಗೆ ಕೇಜು ಮೇಲೆ ಬಂದಾಗ ಹೊಸಬ ಎರಡೂ ಕೈ ನೆಲಕ್ಕೂರಿ ವಾಂತಿ ಮಾಡಿದ. ದುರುಗಪ್ಪ ಟೊಪ್ಪಿಗೆ ತೆಗೆದು ಕಂಟ್ರೋಲ್ ರೂಮಿನ ಬಾಗಿಲಿಗೆ ಬಂದ.

“ಸಿಟ್ಟಾಗಬ್ಯಾಡಕ್ಕಾ. ಎರಡು ತಿಂಗಳಿಂದ ಹೇಳಬೇಕಂತಿದ್ದೆ. ಬಾಯಾಗ ಬಿಸಿ ಅನ್ನ ಇಟ್ಕೊಂಡು ಮಾತಾಡಿದಂಗ ಕೇಳ್ತೈತಿ ನಿಂದು.”

ಆ ಮಾತು ಕೇಳಿ ಅವಳಿಗೆ ಸಿಟ್ಟು ಬರಲಿಲ್ಲ. ಆ ದಿನದ ಅಂಕಗಳನ್ನು ಮತ್ತೊಮ್ಮೆ ತೆಗೆದು ನೋಡಿದಳು.

*

ಮನೆಯಲ್ಲಿ ಅವಳ ಅತ್ತೆ ಮಲ್ಲಮ್ಮನಿಗೆ ಕಿವಿ ಮಂದ. ಊರಿನಲ್ಲಿ ಬೇರೆ ಯಾರ ಮಾತೂ ಕೇಳದಿದ್ದರೂ ಸೊಸೆಯ ದನಿ ಮಾತ್ರ ಆಕೆಗೆ ನೆಟ್ಟಗೆ ಕೇಳುತ್ತಿತ್ತು. ಆಕೆಯ ಮಗ, ಹುಲಿಗೆಮ್ಮನ ಗಂಡ ಮುದುಕಪ್ಪನಿಗೆ ಹೊಲಿಗೆಯ ಅಂಗಡಿ; ಅವನದು ಮೆಲು ಮಾತು. ಏನು ಹೇಳಬೇಕಾದರೂ ಅವನು ಹೆಂಡತಿಯ ಕಡೆ ನೋಡಿ, “ಅವ್ವಗ ನೀನ ಹೇಳು” ಎನ್ನುತ್ತಿದ್ದ.

ಆ ಸಂಜೆ ಹುಲಿಗೆಮ್ಮ “ಅತ್ತಿ, ಊಟಕ್ಕ ಏಳ್ರಿ” ಎಂದಳು. ಮುದುಕಿ ಏಳಲಿಲ್ಲ. ಮತ್ತೆ ಕರೆದಳು. ಮುದುಕಿ ಗೋಡೆಯ ಕಡೆ ತಿರುಗಿ ಕೂತಳು.

“ಯಾಕವ್ವಾ?” ಎಂದು ಮುದುಕಪ್ಪ ಭುಜ ಮುಟ್ಟಿ ಕೇಳಿದ.

“ನಿನ್ನ ಹೇಣ್ತಿ ನನ್ನ ಕೂಡ ಮಾತು ಬಿಟ್ಟು ತಿಂಗಳಾತು,” ಎಂದಳು ಮಲ್ಲಮ್ಮ. “ತುಟಿ ಅಷ್ಟ ಅಳ್ಳಾಡಿಸ್ತಾಳ. ನಾ ಏನು ತಪ್ಪು ಮಾಡೀನಿ?”

ಹುಲಿಗೆಮ್ಮ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ನುಂಗುವಾಗ ಎಡಗಡೆ ಏನೋ ಒತ್ತಿತು. ಎಷ್ಟೋ ದಿನಗಳಿಂದ ತಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನುತ್ತಿದ್ದೇನೆ ಎನ್ನುವುದು ಆಗ ಅವಳ ಗಮನಕ್ಕೆ ಬಂತು.

ಗಣಿಯ ದವಾಖಾನೆಯಲ್ಲಿ ಆಮ್ಲ ಮೇಲಕ್ಕೆ ಬರುತ್ತಿದೆ ಎಂದು ಗುಳಿಗೆ ಕೊಟ್ಟರು. ಮೂರು ವಾರ ನುಂಗಿದಳು. ಕಡಿಮೆಯಾಗಲಿಲ್ಲ. ಶಹರದ ದೊಡ್ಡ ಆಸ್ಪತ್ರೆಗೆ ಹೋದಳು. ಕಿವಿ-ಮೂಗು-ಗಂಟಲಿನ ಡಾಕ್ಟರು ವಿಕ್ರಾಂತ ದೇಸಾಯಿ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯಲ್ಲಿ, ದನಿಯ ಪಟ್ಟಿಗಳ ಮೇಲ್ಭಾಗದಲ್ಲಿ, ಎಡಕ್ಕೆ ಒಂದು ಉಬ್ಬು. ಮೇಲೆ ಹುಣ್ಣಿಲ್ಲ, ಒಡಕಿಲ್ಲ. ನುಣ್ಣಗೆ ಗುಲಾಬಿ ಬಣ್ಣದ ಪೊರೆ. ಚಿಮುಟದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಐದು ದಿನಕ್ಕೆ ವರದಿ ಬಂತು. ಬರೀ ಉರಿಯೂತ. ಕ್ಯಾನ್ಸರಿನ ಕುರುಹು ಇಲ್ಲ. ಡಾಕ್ಟರು ಉರಿಯೂತಕ್ಕೆ ಔಷಧ ಬರೆದು, ಆರು ವಾರ ಬಿಟ್ಟು ಬನ್ನಿ ಎಂದರು.

ಮುದುಕಪ್ಪ ಬಸ್ ಸ್ಟ್ಯಾಂಡಿನಲ್ಲೇ ಪೇಡೆ ತೆಗೆದುಕೊಂಡ. ಹುಲಿಗೆಮ್ಮನೂ ನಕ್ಕಳು. ಪೇಡೆ ನುಂಗುವಾಗ ಅದೇ ಜಾಗದಲ್ಲಿ ಒತ್ತಿತು. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ.

*

ಧ್ವನಿಬೀಗವನ್ನು ನೋಡಿಕೊಳ್ಳುವ ಎಂಜಿನಿಯರು ಜಬೀನ್ ಎಂಬ ಕಲಬುರಗಿಯ ಹುಡುಗಿ. ಬೀಗ ಮಾಡಿದ ಕಂಪನಿಯ ನೌಕರಳು, ಗಣಿಯ ಹಳೆಯ ಸ್ಟೋರಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಕೂತು ಯಂತ್ರಗಳ ನಡುವೆ ಕೆಲಸ ಮಾಡುತ್ತಿದ್ದಳು. ದನಿ ಹೊಂದದೆ ಲೈಸೆನ್ಸ್ ತಡೆಹಿಡಿಯಲ್ಪಟ್ಟ ಹುಲಿಗೆಮ್ಮನಂಥವರು ವಾರಕ್ಕೊಮ್ಮೆ ಆಕೆಯ ಕೋಣೆಗೆ ಹೋಗಿ ಹತ್ತು ವಾಕ್ಯ ಓದಬೇಕೆಂಬ ನಿಯಮವಿತ್ತು. ಅಂಕ ತೊಂಬತ್ತು ದಾಟಿದ ದಿನ ಲೈಸೆನ್ಸ್ ವಾಪಸು.

ಮೊದಲ ವಾರ ಎಂಬತ್ತಾರು. ಎರಡನೆಯ ವಾರ ಎಂಬತ್ತಮೂರು. ಡಾಕ್ಟರು ಉರಿಯೂತ ಎಂದ ಮೇಲೆ ಏರಬೇಕಾಗಿದ್ದ ಅಂಕ ಆರನೆಯ ವಾರ ಎಪ್ಪತ್ತಾರಕ್ಕೆ ಬಂತು.

ಆ ದಿನ ಜಬೀನ್ ವರದಿ ಬರೆಯಲಿಲ್ಲ. ಹುಲಿಗೆಮ್ಮ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಆರು ವರ್ಷದ ಧ್ವನಿಗಳನ್ನು ತೆಗೆದಳು. ದಿನಕ್ಕೆ ನಲವತ್ತು ಸಲ ‘ಮೇಲೆ’, ನಲವತ್ತು ಸಲ ‘ಕೆಳಗೆ’. ಹುಲಿಗೆಮ್ಮನ ಗಂಟಲು ಇಷ್ಟು ವರ್ಷವೂ ತನ್ನ ದಿನಚರಿಯನ್ನು ತಾನೇ ಬರೆದಿಟ್ಟಿತ್ತು, ಯಾರೂ ಓದಿರಲಿಲ್ಲ. ಬೀಗ ದನಿಯಿಂದ ಪೊಳ್ಳಿನ ಆಕಾರವನ್ನು ಲೆಕ್ಕ ಹಾಕುತ್ತದಲ್ಲ, ಅದೇ ಲೆಕ್ಕವನ್ನು ಚಿತ್ರವಾಗಿ ಬಿಡಿಸುವಂತೆ ಜಬೀನ್ ಯಂತ್ರಕ್ಕೆ ಹೇಳಿದಳು. ತಿಂಗಳಿಗೊಂದು ಚಿತ್ರ. ಒಂದರ ಹಿಂದೊಂದು ಓಡಿಸಿದಾಗ, ಸುಮಾರು ಐದು ವರ್ಷ ಏನೂ ಬದಲಾಗದ ಒಂದು ಕೊಳವೆ ಕಂಡಿತು. ಹದಿನಾಲ್ಕು ತಿಂಗಳ ಹಿಂದೆ ಅದರ ಎಡಗೋಡೆ ಕೂದಲೆಳೆಯಷ್ಟು ಒಳಕ್ಕೆ ಬಂದಿತ್ತು. ಆಮೇಲೆ ಪ್ರತಿ ತಿಂಗಳೂ ಇನ್ನಿಷ್ಟು. ಕೊನೆಯ ಮೂರು ಚಿತ್ರಗಳಲ್ಲಿ ಅದು ಅವಸರದಿಂದ ಬೆಳೆದಿತ್ತು.

ಯಂತ್ರ ತಪ್ಪಿರಬಹುದು ಎಂದು ಜಬೀನ್ ತನ್ನ ದನಿಯನ್ನೇ ಹಾಕಿ ನೋಡಿದಳು. ಬೇರೆ ಇಬ್ಬರದನ್ನು ಹಾಕಿದಳು. ಅವರ ಕೊಳವೆಗಳು ಇದ್ದ ಹಾಗೇ ಇದ್ದವು. ಮತ್ತೆ ಹುಲಿಗೆಮ್ಮನ ಚಿತ್ರಕ್ಕೆ ಮರಳಿದಳು. ತಾನು ಡಾಕ್ಟರಲ್ಲ. ಆದರೆ ಹುಲಿಗೆಮ್ಮ ಹೇಳಿದಂತೆ ಮೇಲಿನ ಪೊರೆ ನುಣ್ಣಗೇ ಇದ್ದು ಗೋಡೆಯೇ ಒಳಕ್ಕೆ ತಳ್ಳಿಕೊಂಡು ಬರುತ್ತಿದೆ ಎಂದರೆ, ತಳ್ಳುತ್ತಿರುವುದು ಪೊರೆಯ ಹಿಂದೆ, ಆಳದಲ್ಲಿದೆ. ಡಾಕ್ಟರು ಚಿವುಟಿದ್ದು ಪೊರೆಯನ್ನು.

ಈ ದಾಖಲೆಯನ್ನು ಆಸ್ಪತ್ರೆಗೆ ಕೊಡಬಹುದೇ ಎಂದು ಕಂಪನಿಗೆ ಬರೆದಳು. ಧ್ವನಿಗಳು ಕಂಪನಿಯ ಸ್ವತ್ತು, ಭದ್ರತೆಯ ಹೊರತು ಬೇರೆ ಕೆಲಸಕ್ಕೆ ಬಳಸುವಂತಿಲ್ಲ, ಮನವಿಯನ್ನು ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು.

ಮರುವಾರ ಹುಲಿಗೆಮ್ಮ ಮೆಟ್ಟಿಲು ಹತ್ತಿ ಬಂದಾಗ ಜಬೀನ್‌ಗೆ ಆಕೆ ಕಾಣುವ ಮೊದಲೇ ಆಕೆಯ ಉಸಿರು ಕೇಳಿಸಿತು. ಒಳಕ್ಕೆಳೆದುಕೊಂಡಾಗಲೆಲ್ಲ ಸಣ್ಣದಾಗಿ ಸಿಳ್ಳೆ ಹೊಡೆದಂಥ ಸದ್ದು.

“ಹುಲಿಗೆಮ್ಮಕ್ಕ, ಎಷ್ಟು ದಿನ ಆತ್ರಿ ಹಿಂಗ?”

“ಮೂರು ದಿನ. ಮಲಗಿದ್ರ ಜಾಸ್ತಿ ಆಗ್ತೈತಿ. ಕುಂತಽ ನಿದ್ದಿ ಮಾಡ್ತೀನಿ.” ಅಷ್ಟು ಹೇಳಲು ಅವಳು ಮೂರು ಸಲ ಉಸಿರೆಳೆದಳು. “ಯಾರಿಗೂ ಹೇಳಿಲ್ಲ ನೋಡವ್ವ. ಅಂಜಿಕಿ ಬರ್ತೈತಿ ನನಗ.”

ಜಬೀನ್ ಅವಳನ್ನು ಕೂರಿಸಿ ಚಿತ್ರಗಳನ್ನು ತೋರಿಸಿದಳು. ಹುಲಿಗೆಮ್ಮ ಪರದೆಯಲ್ಲಿ ತನ್ನ ಗಂಟಲು ತಿಂಗಳು ತಿಂಗಳಿಗೂ ಕಿರಿದಾಗುವುದನ್ನು ನೋಡಿದಳು. ಎರಡು ಸಲ ನೋಡಿದಳು. ಕೊನೆಯ ಚಿತ್ರದಲ್ಲಿ ಉಳಿದಿದ್ದ ದಾರಿ ಒಂದು ಸೀಳು ಮಾತ್ರ.

“ಮುಂದಿನ ತಿಂಗಳದ್ದು?” ಎಂದು ಕೇಳಿದಳು.

“ಅದನ್ನ ನಾ ಹಾಕಿ ನೋಡಿಲ್ರಿ,” ಎಂದಳು ಜಬೀನ್. ಅದು ಸುಳ್ಳು. ಹಾಕಿ ನೋಡಿದ್ದಳು. “ಈಗಽ ಹೋಗೋಣ ನಡೀರಿ. ನಾನೂ ಬರ್ತೀನಿ.”

ಚಿತ್ರಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿಕೊಂಡು ಆಕೆ ಗಣಿಯ ಗೇಟು ದಾಟಿದಳು. ಗೇಟಿನ ಸೆಕ್ಯೂರಿಟಿಯವನು ಚೀಲ ತೆರೆದು ನೋಡಿದ. ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

*

ಡಾ. ದೇಸಾಯಿ ಒಳ್ಳೆಯ ಮನುಷ್ಯ, ಆದರೆ ಬೀಗದ ಎಂಜಿನಿಯರು ತನಗೆ ಗಂಟಲಿನ ಪಾಠ ಹೇಳುವುದು ಅವರಿಗೆ ಹಿಡಿಸಲಿಲ್ಲ. “ಇದು ಸ್ಕ್ಯಾನ್ ಅಲ್ಲ. ಇದನ್ನ ನಂಬಿ ನಾ ಕತ್ತಿ ಹಿಡಿಯಾಕ ಬರೂದಿಲ್ಲ,” ಎಂದರು. ಆಗ ಹುಲಿಗೆಮ್ಮ ಉಸಿರೆಳೆದುಕೊಂಡಳು. ಆ ಸಿಳ್ಳೆ ಕೇಳಿದ ಡಾಕ್ಟರು ಮಾತು ನಿಲ್ಲಿಸಿ ಎದ್ದು ಕ್ಯಾಮೆರಾ ತಂದರು. ನೋಡಿ ಮುಗಿಸಿದಾಗ ಅವರ ಮುಖ ಬದಲಾಗಿತ್ತು.

“ಹೊರಗ ಯಾರಿದ್ದಾರ ನಿಮ್ಮವರು?”

ದಾರಿಯಲ್ಲಿ ಅಂಗಡಿಯಿಂದ ಜೊತೆಯಾಗಿದ್ದ ಮುದುಕಪ್ಪ ಒಳಗೆ ಬಂದ. ಡಾಕ್ಟರು ಇಬ್ಬರಿಗೂ ಕೇಳುವಂತೆ ಹೇಳಿದರು. ಉಸಿರಿನ ದಾರಿ ಕಾಲುಭಾಗ ಮಾತ್ರ ಉಳಿದಿದೆ. ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು. ಮೊದಲು ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಹಾಕಬೇಕು. ಆ ಮೇಲೆ ಪ್ರಜ್ಞೆ ತಪ್ಪಿಸಿ ಆಳದಿಂದ ಚೂರು ತೆಗೆಯಬಹುದು. ಕೊಳವೆ ಹಾಕುವವರೆಗೆ ಪ್ರಜ್ಞೆ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಗಂಟಲ ಸ್ನಾಯು ಸಡಿಲಾಗಿ ಇದ್ದ ದಾರಿಯೂ ಮುಚ್ಚುತ್ತದೆ.

“ಅಂದ್ರ ಎಚ್ಚರ ಇದ್ದಾಗ…” ಮುದುಕಪ್ಪ ಹೆಂಡತಿಯ ಕಡೆ ತಿರುಗಿದ.

“ಹೌದ್ರಿ. ಆ ಜಾಗ ಮರಗಟ್ಟಿಸಿ ಮಾಡ್ತೇವಿ. ನೋವು ಆಗೂದಿಲ್ಲ. ಅಂಜಿಕಿ ಆಗ್ತದ. ಅದಕ್ಕ ನನ್ನ ಹತ್ರ ಔಷಧ ಇಲ್ಲ.”

ಅರ್ಧ ಗಂಟೆಯಲ್ಲಿ ಅವಳನ್ನು ಮೇಜಿನ ಮೇಲೆ ಮಲಗಿಸಿ ಕುತ್ತಿಗೆ ಹಿಂದಕ್ಕೆ ಬಾಗಿಸಿದರು. ಬಾಗಿಸಿದ ಕೂಡಲೇ ಉಸಿರು ಇನ್ನೂ ಕಟ್ಟಿತು. ಎದ್ದು ಓಡಬೇಕು ಎನಿಸಿತು. ಎರಡು ಕೈ ಅವಳ ಭುಜ ಹಿಡಿದವು. ಹಸಿರು ಬಟ್ಟೆ ಕಣ್ಣಿನ ಮೇಲೆ ಬಂತು. ಗಂಟಲ ಮೇಲೆ ಯಾರೋ ಬೆರಳಿನಿಂದ ಒತ್ತಿ ಗುರುತು ಹಿಡಿಯುತ್ತಿರುವುದು, ಆಮೇಲೆ ಒಂದು ಎಳೆತ, ಕತ್ತರಿಯ ಸದ್ದು, ಯಾವುದೂ ನೋಯುತ್ತಿರಲಿಲ್ಲ, ಎಲ್ಲವೂ ತಿಳಿಯುತ್ತಿತ್ತು. ಹುಲಿಗೆಮ್ಮ ಬಾಯಿ ತೆರೆದು ಎಳೆದಳು. ಗಾಳಿ ಬರಲಿಲ್ಲ. ಮತ್ತೆ ಎಳೆದಳು. ಬರಲಿಲ್ಲ. ಸಾವು ಅಂದರೆ ಇದೇ, ಇಷ್ಟು ಬೆಳಕಿನಲ್ಲಿ, ಇಷ್ಟು ಜನರ ನಡುವೆ ಎಂದು ಯೋಚಿಸಿದ್ದು ಅವಳಿಗೆ ನೆನಪಿದೆ. ಅಷ್ಟರಲ್ಲಿ ಕುತ್ತಿಗೆಯ ಮುಂದೆ ಫುಸ್ ಎಂದು ಸದ್ದಾಯಿತು. ಎದೆ ತನ್ನಷ್ಟಕ್ಕೆ ತುಂಬಿಕೊಂಡಿತು. ತಣ್ಣನೆಯ ಗಾಳಿ, ಬಾಯಿ ಮೂಗುಗಳನ್ನು ಮುಟ್ಟದೆ, ನೇರ ಒಳಗೆ.

ಅವಳು “ಯಪ್ಪಾ” ಎಂದಳು. ತುಟಿ ಅಲುಗಿತು. ದನಿ ಇರಲಿಲ್ಲ.

*

ಆಳದಿಂದ ತೆಗೆದ ಚೂರು ಈ ಸಲ ಕಡಲೆಕಾಳಿನಷ್ಟಿತ್ತು. ಎರಡನೆಯ ದಿನ ಡಾ. ದೇಸಾಯಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಕ್ಯಾನ್ಸರ್ ಅದ,” ಎಂದರು. “ಯಾವ ಜಾತೀದು ಅನ್ನೂದು ಇನ್ನೂ ಬಿಡಿಸಿ ಹೇಳಿಲ್ಲ. ಆದರ ಗಂಟಲದಾಗ ನೂರಕ್ಕ ತೊಂಬತ್ತಕ್ಕಿಂತ ಹೆಚ್ಚು ಒಂದಽ ಜಾತಿ ಬರ್ತದ. ಇಷ್ಟು ದೊಡ್ಡದಾಗಿದ್ರ ಧ್ವನಿಪೆಟ್ಟಿಗಿ ಪೂರ್ತಿ ತಗೀಬೇಕಾಗ್ತದ. ನಾಳಿ ಮಾಡೋಣಂತ ಹೇಳೀನಿ. ತಡಾ ಮಾಡಿದಷ್ಟು ಹರಡ್ತದ.”

ಒಪ್ಪಿಗೆಯ ಕಾಗದ ಮೇಜಿನ ಮೇಲಿತ್ತು. ಹುಲಿಗೆಮ್ಮನಿಗೆ ಮಾತಾಡಲು ಒಂದು ನೋಟ್‌ಬುಕ್ ಕೊಟ್ಟಿದ್ದರು. ಅವಳು ಬರೆದಳು: ಆಮೇಲೆ ಮಾತು?

“ಈಗಿನ ದನಿ ಬರೂದಿಲ್ಲವ್ವ. ಯಂತ್ರ ಹಿಡಿದು ಮಾತಾಡಬಹುದು. ಜೀವ ಉಳೀತದ.”

ಮುದುಕಪ್ಪ ಕಾಗದ ತೆಗೆದುಕೊಂಡು ಓದಿದ, ಮತ್ತೆ ಓದಿದ. ಟೇಪು ಹಿಡಿದು ಅಳೆಯುವ ಅವನ ಬೆರಳುಗಳು ಕಾಗದದ ಅಂಚನ್ನು ಮಡಚುತ್ತ ಬಿಡಿಸುತ್ತ ಇದ್ದವು. “ಸಹಿ ಹಾಕು,” ಎಂದ ಮೆಲ್ಲಗೆ. “ನೀ ಇದ್ರ ಸಾಕು ನನಗ.”

ಅವಳು ಪೆನ್ನು ತೆಗೆದುಕೊಂಡಳು. ಆ ಹೊತ್ತಿಗೆ ಬಿಳಿ ಕೋಟಿನ ಕುಳ್ಳ ಹೆಂಗಸೊಬ್ಬರು ಒಳಗೆ ಬಂದರು. ಡಾ. ಮೇರಿ ಸಲ್ಡಾನ, ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು, ಮಂಗಳೂರಿನ ಕಡೆಯವರು. ವಾರ್ಡಿಗೆ ಅವರು ಬರುವುದೇ ಅಪರೂಪ.

“ದೇಸಾಯಿಯವರೇ, ನಾಳೆ ಬೇಡ,” ಎಂದರು. “ನನಗೆ ಮೂರು ದಿನ ಕೊಡಿ.”

“ಯಾಕ್ರಿ? ಕ್ಯಾನ್ಸರ್ ಅಂತ ನೀವಽ ಬರದೀರಿ.”

“ಬರೆದಿದ್ದೇನೆ. ಆದರೆ ನಿಮ್ಮ ಮಾಮೂಲಿ ಜಾತಿಯಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರುತ್ತವೆ. ಇವು ಅಂಟಿಕೊಂಡೇ ಇಲ್ಲ. ಬಿಡಿಬಿಡಿಯಾಗಿ ಚೆಲ್ಲಿದ ಹಾಗಿವೆ. ಮೇಲಿನ ಪೊರೆ ಬೇರೆ ಆರೋಗ್ಯವಾಗಿದೆ. ಆ ಬೀಗದ ಹುಡುಗಿ ಮಾಡಿದ ಚಿತ್ರಗಳನ್ನೂ ನೋಡಿದೆ. ಪೊರೆಯಲ್ಲಿ ಹುಟ್ಟಿದ್ದಾದರೆ ಅದು ಹದಿನಾಲ್ಕು ತಿಂಗಳು ಪೊರೆಯನ್ನು ಒಡೆಯದೆ ಇರುತ್ತಿರಲಿಲ್ಲ. ನನಗೆ ಲಿಂಫೋಮಾದ ಅನುಮಾನ.” ಅವರು ಹುಲಿಗೆಮ್ಮನ ಕಡೆ ತಿರುಗಿದರು. “ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿಯ ಕೋಶಗಳಿವೆಯಲ್ಲ, ಅವೇ ಕೆಟ್ಟು ಗಡ್ಡೆ ಕಟ್ಟುವ ರೋಗ. ಕುತ್ತಿಗೆಯ, ಕಂಕುಳಿನ ಗ್ರಂಥಿಗಳಲ್ಲಿ ಬರುವುದು ಹೆಚ್ಚು. ಧ್ವನಿಪೆಟ್ಟಿಗೆಯಲ್ಲಿ ತೀರಾ ಅಪರೂಪ. ನಾನು ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ನೋಡಿದ್ದೇನೆ. ಅದೇ ಆಗಿದ್ದರೆ ಕೊಯ್ಯುವುದೇ ಬೇಡ. ಔಷಧಕ್ಕೆ ಕರಗುತ್ತದೆ. ಅದಲ್ಲದಿದ್ದರೆ ಮೂರು ದಿನ ಹಾಳು ಮಾಡಿದ ಪಾಪ ನನ್ನದು.”

ದೇಸಾಯಿ ಒಪ್ಪಿಗೆಯ ಕಾಗದವನ್ನು ತೆಗೆದು ಜೇಬಿಗೆ ಹಾಕಿಕೊಂಡರು. “ಗುರುವಾರದ ತನಕ,” ಎಂದರು.

ಆ ಮೂರು ದಿನಗಳ ಬಗ್ಗೆ ಹುಲಿಗೆಮ್ಮ ಆಮೇಲೆ ಹೆಚ್ಚು ಹೇಳುತ್ತಿರಲಿಲ್ಲ. ಕಾಯುವುದು ಅವಳಿಗೆ ಮೇಜಿನ ಮೇಲೆ ಮಲಗಿದ್ದಕ್ಕಿಂತ ಕಷ್ಟವಾಯಿತು. ಗಡ್ಡೆ ಈಗ, ಈ ಕ್ಷಣ, ಬೆಳೆಯುತ್ತಿದೆ ಎನಿಸುತ್ತಿತ್ತು. ಕೆಮ್ಮಿದರೆ ಕೊಳವೆಯಿಂದ ಕಫ ಹೊರಬಂದು ಎದೆಯ ಮೇಲೆ ಬೀಳುತ್ತಿತ್ತು. ಕೂಗಿ ಯಾರನ್ನೂ ಕರೆಯುವಂತಿರಲಿಲ್ಲ. ಮಂಚದ ಕಂಬಿಗೆ ಚಮಚ ಬಡಿಯಬೇಕಿತ್ತು. ಎರಡನೆಯ ದಿನ ಮುದುಕಪ್ಪ ಅತ್ತೆಯನ್ನು ಕರೆತಂದ. ಮಲ್ಲಮ್ಮ ಸೊಸೆಯ ಕುತ್ತಿಗೆಯನ್ನೂ ಅದರೊಳಗಿನ ಕೊಳವೆಯನ್ನೂ ನೋಡುತ್ತ ನಿಂತಳು. “ಇದಕ್ಕ ಏನು ಮಾತು ಬಿಟ್ಟಿದ್ದು?” ಎಂದಳು. ಮಂಚದ ಮೇಲೆ ಕೂತು ಸೆರಗಿನಿಂದ ಅವಳ ಎದೆಯ ಮೇಲಿನ ಕಫ ಒರೆಸಿದಳು. ಸಂಜೆಯವರೆಗೂ ಆ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ.

ಗುರುವಾರ ಬೆಳಗ್ಗೆ ಸಲ್ಡಾನ ಬಂದರು. ಬಾಗಿಲಿನಿಂದಲೇ ತಲೆಯಾಡಿಸಿದರು. ಹೌದೋ ಅಲ್ಲವೋ ತಿಳಿಯದೆ ಹುಲಿಗೆಮ್ಮ ಚಮಚ ಗಟ್ಟಿಯಾಗಿ ಹಿಡಿದಳು.

“ಲಿಂಫೋಮಾ,” ಎಂದರು. “ಚೂರಿಗೆ ನಾಲ್ಕು ಬಗೆಯ ಪರೀಕ್ಷೆಯ ಬಣ್ಣ ಹಾಕಿ ನೋಡಿದೆ. ನಾಲ್ಕೂ ಅದನ್ನೇ ಹೇಳುತ್ತಿವೆ. ಸ್ಕ್ಯಾನಿನಲ್ಲಿ ಬೇರೆಲ್ಲೂ ಇಲ್ಲ, ಗಂಟಲಲ್ಲಿ ಮಾತ್ರ.”

ದೇಸಾಯಿ ಜೇಬಿನಿಂದ ಒಪ್ಪಿಗೆಯ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಮೊದಲ ಸಲ ಪೊರೆ ಮಾತ್ರ ಚಿವುಟಿದ್ದು ತನ್ನ ತಪ್ಪು ಎಂದು ಮುದುಕಪ್ಪನೆದುರು ಹೇಳಿದರು. ಮುದುಕಪ್ಪ ಕೈ ಮುಗಿದ.

*

ಮೂರು ವಾರಕ್ಕೊಮ್ಮೆ ಆರು ಸಲ ಔಷಧ ಏರಿಸಿದರು. ಮೊದಲ ಸಲ ಅರ್ಧ ಬಾಟಲಿ ಹೋಗುವಷ್ಟರಲ್ಲಿ ಹಲ್ಲು ಕಟಕಟಿಸುವಂಥ ಚಳಿ ಬಂತು. ಇಷ್ಟು ದೂರ ಬಂದು ಔಷಧಕ್ಕೇ ಸಾಯುತ್ತೇನೆ ಎಂದುಕೊಂಡಳು. ನರ್ಸು ಔಷಧದ ವೇಗ ತಗ್ಗಿಸಿದಳು, ಚಳಿ ಬಿಟ್ಟಿತು. ಹತ್ತನೆಯ ದಿನ ಕ್ಯಾಮೆರಾ ಇಳಿಸಿದಾಗ ಉಬ್ಬು ಅರ್ಧಕ್ಕಿಳಿದಿತ್ತು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಮಲ್ಲಮ್ಮ ರಾಗಿ ಅಂಬಲಿಯನ್ನು ಆರಿಸಿ ಆರಿಸಿ ಕುಡಿಸಿದಳು. ಮೂರನೆಯ ಸಲದ ನಂತರ ಕೊಳವೆ ತೆಗೆದರು. ತೂತು ತಾನಾಗಿ ಕೂಡಿಕೊಂಡಿತು. ಕೊನೆಗೆ ನಾಲ್ಕು ವಾರ ಕಿರಣದ ಚಿಕಿತ್ಸೆ. ಅದು ಗಂಟಲನ್ನು ಒಣಗಿಸಿ ದನಿಯನ್ನು ಒರಟು ಮಾಡಿತು. ಮುಂದಿನ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಬರಬೇಕು, ರೋಗ ಮರಳುವುದಾದರೆ ಆ ಅವಧಿಯಲ್ಲೇ ಹೆಚ್ಚು ಎಂದು ಹೇಳಿ ಕಳಿಸಿದರು. ಪ್ರತಿ ಸಲ ನೆಗಡಿಯಾದಾಗಲೂ ಅವಳು ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದಳು. ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದರೂ.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಕಂಪನಿಗೆ ಪೆನ್ ಡ್ರೈವಿನ ವಿಷಯ ತಿಳಿದಿತ್ತು. ಜಬೀನ್‌ಳನ್ನು ಕೆಲಸದಿಂದ ತೆಗೆದರು. ಊರು ಬಿಡುವ ಮೊದಲು ಆಕೆ ಹುಲಿಗೆಮ್ಮನ ಮನೆಗೆ ಬಂದಳು. ಚಹಾದ ಲೋಟ ಹಿಡಿದುಕೊಂಡು ಕೂತಳೇ ಹೊರತು ಕುಡಿಯಲಿಲ್ಲ.

“ಅಕ್ಕಾ, ನನ್ನ ಪಾಸ್‌ವರ್ಡ್ ಬಂದ್ ಆಗೂ ಮೊದಲು ಒಂದು ಕೆಲಸ ಮಾಡೀನಿ. ಬೀಗದಾಗ ಇದ್ದ ಉಳಿದ ಅರವತ್ತೊಂದು ಮಂದೀದೂ ಹಂಗಽ ಚಿತ್ರ ತಗದು ನೋಡಿದೆ.” ಆಕೆ ತಲೆಯೆತ್ತಲಿಲ್ಲ. “ಅರವತ್ತು ಮಂದೀದು ಸರಿ ಅದ. ಒಬ್ಬಂದು ಇಲ್ಲ. ನಿಮ್ಮ ರೋಗ ಅಂತ ಅಲ್ರಿ, ಅದು ಅಷ್ಟು ಮಂದಿಗೆ ಬರೂದಿಲ್ಲ. ಬೇರೆ ಏನರ ಇರಬಹುದು. ಏನೂ ಇರಲಿಕ್ಕಿಲ್ಲ. ಆದರ ಬಲಗಡೆ ಗೋಡಿ ಐದು ತಿಂಗಳಿಂದ ಒಳಗ ಬರ್ಲಿಕತ್ತದ.”

“ಯಾರು?”

“ದುರುಗಪ್ಪ. ಅವರ ಅಂಕ ಇನ್ನೂ ತೊಂಬತ್ತನಾಲ್ಕು. ಬೀಗ ಏನೂ ಅನ್ನೂದಿಲ್ಲ. ನಾ ಹೇಳಿದ್ರ ಕೇಸು ಹಾಕ್ತೀವಿ ಅಂತ ಬರದಾರ. ನಾ ನಿಮಗ ಹೇಳೀನಿ ಅಷ್ಟ.”

ಜಬೀನ್ ಹೋದ ಮೇಲೆ ಹುಲಿಗೆಮ್ಮ ಎರಡು ದಿನ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಅವನ ನಿದ್ದೆ ಹೋಗುತ್ತದೆ. ತನಗೆ ಹದಿನಾಲ್ಕು ತಿಂಗಳು ಏನೂ ಗೊತ್ತಿರಲಿಲ್ಲ, ಆ ಹದಿನಾಲ್ಕು ತಿಂಗಳು ತಾನು ನಗುತ್ತಲೇ ಇದ್ದೆ. ಆ ನಗುವನ್ನು ಅವನಿಂದ ಕಸಿಯಲು ತಾನು ಯಾರು? ಹೇಳದಿದ್ದರೆ, ಅವನೂ ಒಂದು ದಿನ ಮೇಜಿನ ಮೇಲೆ ಗಾಳಿ ಸಿಗದೆ ಒದ್ದಾಡುತ್ತಾನೆ. ಮೂರನೆಯ ದಿನ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ದುರುಗಪ್ಪ ಕಾರ್ಮಿಕರ ಲೈನಿನ ಕೊನೆಯ ಮನೆಯಲ್ಲಿ ಹೆಂಡತಿ ಗಂಗಮ್ಮನೊಂದಿಗೆ ಇದ್ದ. ಅವಳನ್ನು ಕಂಡು ಹಿಗ್ಗಿದ. ಬೋಳು ತಲೆಯಲ್ಲಿ ಮೂಡುತ್ತಿದ್ದ ಹೊಸ ಕೂದಲನ್ನು ನೋಡಿ, “ಪೊಲೀಸ್ ಕಟಿಂಗ್ ಭಾಳ ಚಂದ ಕಾಣ್ತೈತಕ್ಕಾ,” ಎಂದ. ಅವಳು ವಿಷಯ ಹೇಳಿದಳು. ಏನನ್ನೂ ದೊಡ್ಡದು ಮಾಡದೆ, ಚಿಕ್ಕದೂ ಮಾಡದೆ ಹೇಳಿದಳು.

ದುರುಗಪ್ಪ ನಗುತ್ತಲೇ ಕೇಳಿದ. ಆಮೇಲೆ ನಗು ನಿಂತಿತು. “ಬೀಡಿ ಸೇದ್ತೀನಲ್ಲ, ಅದಕ್ಕ,” ಎಂದ. “ನನ್ನ ಅಂಕ ಹೆಂಗೈತಿ ಗೊತ್ತೇನು? ತೊಂಬತ್ತನಾಲ್ಕು. ನನಗೇನೂ ಆಗಿಲ್ಲ. ನಿನಗ ಆತು ಅಂತ ಎಲ್ಲರಿಗೂ ಆಗಬೇಕೇನು?” ಎದ್ದು ಒಳಗೆ ಹೋದ.

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತೇ ಇದ್ದಳು. ಒಳಗೆ ಗಂಡಹೆಂಡತಿ ಮೆಲ್ಲಗೆ ಮಾತಾಡುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಗಂಗಮ್ಮ ಬಾಗಿಲಿಗೆ ಬಂದಳು.

“ಯವ್ವಾ, ಮುಂಜಾನಿ ಎದ್ದ ಕೂಡಲೇ ಕೆಮ್ಮಿದ್ರ ರಕ್ತ ಬೀಳ್ತೈತಿ. ಯಾರಿಗೂ ಹೇಳಬ್ಯಾಡ ಅಂದಿದ್ದ,” ಎಂದಳು. “ಶಹರದ ಬಸ್ಸು ಎಷ್ಟಕ್ಕೈತಿ?”

“ಏಳೂವರಿಗೆ. ನಾನೂ ಬರ್ತೀನಿ.”

ಮರುದಿನ ಬಸ್ಸಿನಲ್ಲಿ ದುರುಗಪ್ಪ ಕಿಟಕಿಯ ಪಕ್ಕ ಕೂತ, ನಡುವೆ ಗಂಗಮ್ಮ, ಈಚೆಗೆ ಹುಲಿಗೆಮ್ಮ. ಗಣಿಯ ಕಸದ ಗುಡ್ಡಗಳು ಹಿಂದಾದವು. ತೊಗರಿಯ ಹೊಲಗಳು ಶುರುವಾದವು. ಒಂಬೈನೂರು ಮೀಟರ್ ಆಳದಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕೊನೆಗೆ ಹೊರಗೆ ನೋಡುತ್ತಲೇ ಕೇಳಿದ:

“ಅಕ್ಕಾ, ಆ ತೂತು ಮಾಡ್ತಾರಂತಲ್ಲ, ಆವಾಗ ಎಚ್ಚರ ಇರ್ತೈತೇನು?”

ಎಲ್ಲರಿಗೂ ಅದನ್ನು ಮಾಡುವುದಿಲ್ಲ, ನಿನಗೆ ಬೇಕಾಗಲಿಕ್ಕಿಲ್ಲ ಎಂದು ಹೇಳಬಹುದಿತ್ತು. ಅದೂ ನಿಜವೇ. ಆದರೆ ಅವನು ಕೇಳಿದ್ದು ಅದಲ್ಲ.

“ಇರ್ತೈತಿ,” ಎಂದಳು ಹುಲಿಗೆಮ್ಮ ತನ್ನ ಒರಟು ದನಿಯಲ್ಲಿ. “ಭಾಳ ಅಂಜಿಕಿ ಆಗ್ತೈತಿ. ಆಮ್ಯಾಲ ಗಾಳಿ ಬರ್ತೈತಿ.”

ದುರುಗಪ್ಪ ಕಂಬಿಯಿಂದ ಒಂದು ಕೈ ತೆಗೆದು ಹೆಂಡತಿಯ ಮಡಿಲಲ್ಲಿಟ್ಟ. ಗಂಗಮ್ಮ ಅದನ್ನು ಹಿಡಿದುಕೊಂಡಳು.